ಸೆಕೆಗಾಲದ ಅತಿಥಿ

ನಮ್ಮ ಮನೆಯಲ್ಲಿ ಚಾಪೆ ಸಾಲದೆ ಬರುವುದು ಮೇ ತಿಂಗಳಲ್ಲಿ. ಮುಂಬಯಿಯಿಂದ ಚಿಕ್ಕಪ್ಪನ ಮಕ್ಕಳು, ಬೆಂಗಳೂರಿನಿಂದ ಅಕ್ಕನ ಸಂಸಾರ, ಪುಣೆಯಲ್ಲಿ ಹೋಟೆಲು ನಡೆಸುವ ದೊಡ್ಡಮ್ಮನ ಮಗ, ಎಲ್ಲರೂ ಬಂದು ಸೇರುವುದು ಆಗಲೇ. ಮದುವೆ, ಉಪನಯನ, ಗೃಹಪ್ರವೇಶ, ದೇವಸ್ಥಾನದ ಬ್ರಹ್ಮಕಲಶ, ಹರಕೆಯ ಯಕ್ಷಗಾನದ ಆಟ, ದೈವದ ಕೋಲ, ಹೀಗೆ ನಾಲ್ಕು ಜನ ಕೂಡಬೇಕಾದ ಕೆಲಸಗಳೆಲ್ಲ ಈ ದಿನಗಳಿಗೇ ಕಾದು ಕುಳಿತಿರುತ್ತವೆ. ಕೋಟ, ಬಾರ್ಕೂರು, ಹೆಮ್ಮಾಡಿ, ಉಪ್ಪುಂದ, ಶಿರೂರು, ಯಾವ ಊರಿಗೆ ಹೋದರೂ ಬೀಗ ಹಾಕಿದ್ದ ಮನೆಗಳ ಬಾಗಿಲು ತೆರೆದಿರುತ್ತದೆ. ಕುಂದಾಪುರ ನಿಲ್ದಾಣದಲ್ಲಿ ಮತ್ಸ್ಯಗಂಧ ರೈಲು ಬಂದು ನಿಂತಾಗ ಇಳಿಯುವವರ ಚೀಲಗಳನ್ನು ನೋಡಿದರೆ ಸಾಕು, ಯಾವ ತಿಂಗಳು ಎಂದು ಹೇಳಬಹುದು.

ಪ್ರವಾಸದ ಪುಸ್ತಕಗಳ ಲೆಕ್ಕ ಬೇರೆ. ಅವುಗಳ ಪ್ರಕಾರ ಕರಾವಳಿಗೆ ಹೋಗಲು ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ. ಮಾರ್ಚ್ ಬಂದರೆ ಸೆಕೆ, ಜೂನ್ ಬಂದರೆ ಮಳೆ. ಅಂದರೆ ವರ್ಷದ ಏಳು ತಿಂಗಳು ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆ 'ಆಫ್ ಸೀಸನ್'. ಶಾಲೆಗೆ ರಜೆ ಇರುವುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಕೊಲ್ಲೂರಿಗೆ, ಆನೆಗುಡ್ಡೆಗೆ ಜನ ಬರುತ್ತಾರೆ, ನಿಜ. ಕಾರಿನಲ್ಲಿ ಬಂದು, ಎರಡು ದೇವಸ್ಥಾನ ಮುಗಿಸಿ, ಮರವಂತೆಯಲ್ಲಿ ಹತ್ತು ನಿಮಿಷ ಇಳಿದು, ಬೆವರು ಒರೆಸಿಕೊಳ್ಳುತ್ತ ಘಟ್ಟ ಹತ್ತಿಬಿಡುತ್ತಾರೆ. ಅವರು ಊರನ್ನು ಮುಟ್ಟಿದರು ಎನ್ನಬಹುದೇ ಹೊರತು ಊರಿಗೆ ಬಂದರು ಎನ್ನುವುದು ಕಷ್ಟ.

ನಾನು ವಾದಿಸಲು ಹೊರಟಿರುವುದು ಇಷ್ಟು: ಈ ಸೀಮೆಯನ್ನು ಅರಿಯಬೇಕೆಂದು ಬರುವವರು ಸೆಕೆಗಾಲದಲ್ಲೇ ಬರಬೇಕು. ಆದರೆ ಈಗ ರೂಢಿಯಲ್ಲಿರುವ ಪ್ರವಾಸದ ಕ್ರಮದಲ್ಲಿ ಬಂದರೆ ಅವರ ಮೈಗೂ ಹಿತವಿಲ್ಲ, ನಮ್ಮ ಬಾವಿಗಳಿಗೂ ಹಿತವಿಲ್ಲ. ಕ್ರಮ ಬದಲಾಗಬೇಕು. ಬದಲಿಸುವ ಹೊಣೆ ಬರುವವರಿಗಿಂತ ಕರೆಯುವವರಾದ ನಮ್ಮ ಮೇಲೆ ಹೆಚ್ಚು ಇದೆ.

ಹಂಗಾಮು ಎಂಬುದು ಯಾರು ನಿಶ್ಚಯಿಸುತ್ತಾರೆ ಎಂಬುದರ ಮೇಲೆ ನಿಂತಿದೆ. ಹಿಂದೆ ಅದನ್ನು ನಿಶ್ಚಯಿಸುತ್ತಿದ್ದದ್ದು ಇಲ್ಲಿನ ಬಂದರುಗಳು. ಬಾರ್ಕೂರು ಅಳುಪರ ರಾಜಧಾನಿಯಾಗಿದ್ದ ಊರು. ಹದಿನಾಲ್ಕನೆಯ ಶತಮಾನದಲ್ಲಿ ಈ ತೀರದಲ್ಲಿ ಹಾದುಹೋದ ಪ್ರವಾಸಿ ಇಬ್ನ್ ಬತೂತ ಅದನ್ನು ಫಾಕನೂರು ಎಂದು ಕರೆದ. ವಾರಾಹಿಯ ದಂಡೆಯ ಬಸ್ರೂರಿಗೆ ಪೋರ್ಚುಗೀಸರು ಬಂದು ಕೋಟೆ ಕಟ್ಟಿದರು. 1665ರ ಫೆಬ್ರವರಿಯಲ್ಲಿ ಶಿವಾಜಿಯ ಹಡಗುಗಳು ಅಲ್ಲಿಗೇ ಬಂದವು. ಹಾಯಿ ಹಡಗುಗಳ ಆ ಕಾಲದಲ್ಲಿ ಮಳೆ ಶುರುವಾದರೆ ಅಳಿವೆಗಳು ಮುಚ್ಚಿದ ಹಾಗೆ. ಅಕ್ಕಿ, ಮೆಣಸು ಹೊರಡಬೇಕಾದದ್ದೂ, ಹೊರಗಿನ ಸರಕು ಇಳಿಯಬೇಕಾದದ್ದೂ ಒಣಗಾಲದಲ್ಲಿ. ಬಿಸಿಲು ಏರಿದ ಹಾಗೆ ಬಂದರಿನ ಅವಸರವೂ ಏರುತ್ತಿತ್ತು, ಏಕೆಂದರೆ ಮುಂದೆ ಮಳೆ ಇತ್ತು. ಸೆಕೆಯ ಕಾಲಕ್ಕೆ ಇಲ್ಲಿ ಕೆಲಸವಿಲ್ಲ ಎಂಬ ತಿಳಿವಳಿಕೆ ಕೋಣೆಗಳ ಬಾಡಿಗೆ ಪಟ್ಟಿ ಬಂದ ಮೇಲೆ ಹುಟ್ಟಿದ್ದು.

ಸೆಕೆಯನ್ನು ಸಣ್ಣದು ಮಾಡಿ ಹೇಳುವ ಉದ್ದೇಶ ನನಗಿಲ್ಲ. ಕೆಲವು ವರ್ಷಗಳ ಹಿಂದೆ ಕಲಬುರಗಿಯ ಗೆಳೆಯರೊಬ್ಬರು ಏಪ್ರಿಲ್ ಕೊನೆಗೆ ಬಂದಿದ್ದರು. ಹೊರಡುವ ಮೊದಲು ಫೋನಿನಲ್ಲಿ ಉಷ್ಣಾಂಶ ಕೇಳಿದರು. 34 ಎಂದೆ. "ನಮ್ಮಲ್ಲಿ ನಲವತ್ತೆರಡು ಅದರಿ. ನಿಮ್ಮೂರು ನಮಗ ತಂಪೇ" ಎಂದು ನಕ್ಕರು. ಎರಡನೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಮರವಂತೆಯ ಮರಳಿನ ಮೇಲೆ ನಡೆಯುತ್ತಿದ್ದವರು ತಲೆ ಸುತ್ತಿ ಕುಳಿತುಬಿಟ್ಟರು. ರಸ್ತೆ ಬದಿಯ ಸಿಯಾಳದ ಅಂಗಡಿಯ ನೆರಳಿಗೆ ಅವರನ್ನು ಕರೆತಂದು, ತಲೆಗೆ ನೀರು ಹಾಕಿ, ಎರಡು ಸಿಯಾಳ ಕುಡಿಸಿದ ಮೇಲೆ ಚೇತರಿಸಿಕೊಂಡರು. ಅಂಗಡಿಯಾಕೆ ಅವರನ್ನು ನೋಡಿ, "ಹ್ವಾಯ್, ಈ ಹೊತ್ತಲ್ ಯಾರಾರು ಹೊಯ್ಗಿ ಮೇಲ್ ನಡಿತ್ರಾ ಮಾರಾಯ್ರೆ?" ಎಂದು ಕೇಳಿದರು. ಹೊಯ್ಗಿ ಎಂದರೆ ನಮ್ಮ ಕಡೆ ಮರಳು. ಆಕೆ ಸೆಕೆಯನ್ನು ದೂರಲಿಲ್ಲ, ಹೊತ್ತನ್ನು ದೂರಿದರು. ಈ ಲೇಖನ ಬೆಳೆದದ್ದು ಆ ಪ್ರಶ್ನೆಯಿಂದ.

ಗೆಳೆಯರು ಮೋಸಹೋದದ್ದು ಅಂಕಿಯಿಂದ. ಮೈ ತಣಿಯುವುದು ಬೆವರು ಆರಿದಾಗ. ಬಯಲುಸೀಮೆಯ ಒಣಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯದಂತೆ ಆರುತ್ತದೆ. ಕಡಲ ಮೇಲಿನ ಗಾಳಿ ಮೊದಲೇ ನೀರು ಕುಡಿದು ಬಂದಿರುತ್ತದೆ, ಬೆವರನ್ನು ಎತ್ತಿಕೊಳ್ಳಲು ಅದರಲ್ಲಿ ಜಾಗವಿಲ್ಲ. 34 ಡಿಗ್ರಿ ಬಿಸಿಗೆ ಶೇಕಡಾ 70ರ ತೇವ ಸೇರಿದರೆ ಮೈಗೆ ಅದು 45 ದಾಟಿದ ಹಾಗೆ. ಹವಾಮಾನ ಇಲಾಖೆ ಕೂಡ ಇದನ್ನು ಗಮನಿಸಿಯೇ ಅಳತೆ ಇಟ್ಟಿದೆ. ಬಿಸಿಗಾಳಿ ಎಂದು ಸಾರಬೇಕಾದರೆ ಬಯಲು ಪ್ರದೇಶದಲ್ಲಿ ಉಷ್ಣಾಂಶ 40 ಡಿಗ್ರಿಯಾದರೂ ಮುಟ್ಟಿರಬೇಕು. ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾಗಿದ್ದರೆ ಸಾಕು. ಹಾಗಾಗಿ ನಮ್ಮ 34ನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಎದೆಯ ಕಾಯಿಲೆ ಇರುವವರು, ಎಳೆ ಮಗು ಇರುವವರು, ಬಸುರಿಯರು, ತೀರಾ ವಯಸ್ಸಾದವರು ಏಪ್ರಿಲ್ ಮೇ ತಿಂಗಳಲ್ಲಿ ಪ್ರವಾಸವೆಂದು ಇಲ್ಲಿಗೆ ಬರಬೇಡಿ ಎಂದೇ ನಾನು ಹೇಳುತ್ತೇನೆ. ಉಳಿದವರಿಗೆ ಹೇಳುವುದು ಬೇರೆ ಇದೆ.

ಈ ಊರಿಗೆ ಸೆಕೆಗಾಲದ್ದೇ ಒಂದು ಗಡಿಯಾರ ಇದೆ. ಅದು ನಸುಕಿನ ಐದಕ್ಕೆ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತಿರುತ್ತದೆ. ಹಿಂದೆ ಹಾಯಿ ದೋಣಿಯ ಮೀನುಗಾರರು ಆ ಗಾಳಿ ಹಿಡಿದು ಹೊರಟು, ಹಗಲಿನ ಪಡುಗಾಳಿ ಹಿಡಿದು ಮರಳುತ್ತಿದ್ದರು. ಈಗ ಎಂಜಿನ್ ಬಂದಿದೆ, ಆದರೂ ಗಂಗೊಳ್ಳಿಯ ಬಂದರು ಎಚ್ಚರವಾಗುವ ಹೊತ್ತು ಬದಲಾಗಿಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ, ಈ ಐದು ಹೊಳೆಗಳು ಕೂಡುವ ಪಂಚಗಂಗಾವಳಿಯನ್ನು ನೋಡಬೇಕಾದದ್ದು ಬೆಳಗಿನ ಆರರಿಂದ ಎಂಟರ ಒಳಗೆ. ನೀರು ತೆಳುವಾಗಿ ಇಳಿದಿರುತ್ತದೆ. ಹೊಳೆ ನಡುವಿನ ಕುದ್ರುಗಳ ಅಂಚಿನಲ್ಲಿ ಕಾಂಡ್ಲಾ ಗಿಡಗಳ ಬೇರು ಬರಿಗಣ್ಣಿಗೆ ಕಾಣುತ್ತದೆ. ಮೊಣಕಾಲುದ್ದ ನೀರಿನಲ್ಲಿ ಹೆಂಗಸರು ಮರುವಾಯಿ ಚಿಪ್ಪು ಹೆಕ್ಕುತ್ತಿರುತ್ತಾರೆ. ಡಿಸೆಂಬರಿನಲ್ಲಿ ಬಂದವರಿಗೆ ಹೊಳೆ ಚೆಂದವಾಗಿ ಕಾಣುತ್ತದೆ. ಏಪ್ರಿಲ್‌ನಲ್ಲಿ ಬಂದವರಿಗೆ ಹೊಳೆಯ ಒಳಗು ಕಾಣುತ್ತದೆ.

ಒಂಬತ್ತೂವರೆಯ ಒಳಗೆ ಹೊರಗಿನ ಕೆಲಸ ಮುಗಿದಿರಬೇಕು. ಈ ಕೆಲಸಗಳನ್ನು ನೋಡುವುದೇ ಒಂದು ತಿಳಿವಳಿಕೆ. ಹೆಂಚು ಸರಿಪಡಿಸುವುದು, ಕಟ್ಟಿಗೆ ಒಡೆದು ಕೊಟ್ಟಿಗೆಗೆ ಒಟ್ಟುವುದು, ತರಗೆಲೆ ಗುಡಿಸಿ ತರುವುದು, ಗೇರು ಹಣ್ಣಿನಿಂದ ಬೀಜ ಬೇರ್ಪಡಿಸುವುದು, ಹಲಸಿನ ಹಪ್ಪಳ ಒತ್ತಿ ಚಾಪೆಯ ಮೇಲೆ ಹರವುವುದು, ಮೀನು ಒಣಗಿಸುವುದು, ಮಿಡಿ ಉಪ್ಪಿಗೆ ಹಾಕುವುದು. ಒಂದೊಂದೂ ಮುಂದಿನ ನಾಲ್ಕು ತಿಂಗಳ ಮಳೆಗೆ ಮನೆಯನ್ನು ಸಜ್ಜು ಮಾಡುವ ಕೆಲಸ. ಬಿಸಿಲು ಇಲ್ಲಿ ಒಂದು ಸಾಮಗ್ರಿ. ಅದನ್ನು ಹಿಡಿದು ಡಬ್ಬಿಯಲ್ಲಿ, ಭರಣಿಯಲ್ಲಿ, ಅಟ್ಟದಲ್ಲಿ ಕೂಡಿಡುತ್ತಾರೆ.

ಹನ್ನೊಂದು ಗಂಟೆಗೆ ಪಡುಗಾಳಿ ಏಳುತ್ತದೆ. ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಕಾದ ನೆಲದ ಮೇಲಿನ ಗಾಳಿ ಮೇಲೇರಿ ಆ ಜಾಗಕ್ಕೆ ಕಡಲಿನ ಗಾಳಿ ನುಗ್ಗುತ್ತದೆ. ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಅದು ತೆಂಗಿನ ತಲೆಗಳನ್ನು ಒಂದೇ ಕಡೆಗೆ ಬಾಚುತ್ತದೆ. ಹಳೆಯ ಮನೆಗಳ ಜಗಲಿ, ಚಾವಡಿ, ಎತ್ತರದ ಹೆಂಚಿನ ಮಾಡು, ಅಂಗಳಕ್ಕೆ ಹಾಕಿದ ಮಡಲಿನ ಚಪ್ಪರ, ಎಲ್ಲವೂ ಈ ಗಾಳಿಯನ್ನು ಒಳಗೆ ಕರೆದು ಬಿಸಿಯನ್ನು ಮೇಲಿನಿಂದ ಹೊರಗೆ ಕಳಿಸಲು ಹುಟ್ಟಿದವು. ಆ ಹೊತ್ತಿನಲ್ಲಿ ಚಾವಡಿಯ ನೆಲದ ಮೇಲೆ ಬರಿಮೈಯಲ್ಲಿ ಮಲಗಿದರೆ ಪಂಖ ಬೇಕಾಗುವುದಿಲ್ಲ. ಊಟ ಮುಗಿಸಿ ಒಂದು ನಿದ್ದೆ ಮಾಡುವುದನ್ನು ಸೋಮಾರಿತನ ಎನ್ನುವವರು ಇದ್ದಾರೆ. ನಸುಕಿನ ಐದಕ್ಕೆ ಎದ್ದು ರಾತ್ರಿ ಹನ್ನೆರಡರವರೆಗೆ ಎಚ್ಚರ ಇರುವ ಊರಿಗೆ ಆ ನಿದ್ದೆ ಕೂಲಿಯಷ್ಟೇ ನ್ಯಾಯವಾದದ್ದು.

ಸಂಜೆ ನಾಲ್ಕೂವರೆಗೆ ಊರು ಮತ್ತೆ ಹೊರಗೆ ಬರುತ್ತದೆ. ತ್ರಾಸಿ, ಕೋಡಿ, ಬೈಂದೂರಿನ ಸೋಮೇಶ್ವರ, ಒತ್ತಿನೆಣೆಯ ಗುಡ್ಡ, ಎಲ್ಲಿ ಬೇಕಾದರೂ ಆಗ ಹೋಗಬಹುದು. ಮೇ ತಿಂಗಳ ನಡುವಿನಿಂದ ಕಡಲಿನ ಅಬ್ಬರ ಹೆಚ್ಚುತ್ತದೆ, ನೀರಿಗೆ ಇಳಿಯಬೇಡಿ. ದಡದಲ್ಲಿ ಕುಳಿತರೆ ಸಾಕು.

ಆಮೇಲೆ ರಾತ್ರಿ. ಸೆಕೆಗಾಲದಲ್ಲೇ ಬನ್ನಿ ಎಂದು ನಾನು ಹಟ ಹಿಡಿಯಲು ದೊಡ್ಡ ಕಾರಣ ರಾತ್ರಿಯೇ. ಬಡಗುತಿಟ್ಟಿನ ಯಕ್ಷಗಾನ ಒಣಗಾಲದ ಕಲೆ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮ, ಕೋಟದ ಅಮೃತೇಶ್ವರಿ ಮುಂತಾದ ಮೇಳಗಳು ನವೆಂಬರ್ ಸುಮಾರಿಗೆ ತಿರುಗಾಟ ಹೊರಟು, ಮೇ ಕೊನೆಯ ಪತ್ತನಾಜೆ ಎಂಬ ದಿನದ ಸುಮಾರಿಗೆ ಗೆಜ್ಜೆ ಬಿಚ್ಚುತ್ತವೆ. ಮಂದಾರ್ತಿಗೆ ಒಂದೇ ಕ್ಷೇತ್ರಕ್ಕೆ ಐದು ಮೇಳಗಳಿವೆ. ಆದರೂ ಹರಕೆಯ ಆಟಕ್ಕೆ ಹೆಸರು ಬರೆಸಿದವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಈ ಕಲೆಯ ಅಳತೆಗಳನ್ನೆಲ್ಲ ಸೆಕೆಯೇ ಕೊಟ್ಟಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಕೊಯ್ಲು ಮುಗಿದು ಗದ್ದೆ ಗಟ್ಟಿಯಾಗಿದೆ, ಆದ್ದರಿಂದ ರಂಗಸ್ಥಳಕ್ಕೆ ಬಯಲಿದೆ. ಮಳೆಯ ಭಯವಿಲ್ಲ, ಆದ್ದರಿಂದ ಮಾಡು ಬೇಡ. ಹಗಲಿನಲ್ಲಿ ಆ ಕಿರೀಟ, ಕವಚ, ಬಣ್ಣ ಹೊತ್ತು ಕುಣಿಯಲಾಗದು, ಆದ್ದರಿಂದ ಆಟ ರಾತ್ರಿ. ಮನೆಯ ಒಳಗೆ ಮಲಗಲು ಸೆಕೆ, ಆದ್ದರಿಂದ ಊರಿಗೆ ಊರೇ ಬಯಲಿನಲ್ಲಿ ಬೆಳಗಿನವರೆಗೆ ಕುಳಿತಿರಲು ಸಿದ್ಧ.

ಬಣ್ಣದ ಮನೆಯಾದ ಚೌಕಿಯಲ್ಲಿ ದೀಪದ ಮುಂದೆ ವೇಷಧಾರಿಗಳು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದನ್ನು ಹತ್ತಿರ ಕುಳಿತು ನೋಡಲು ಯಾರೂ ಅಡ್ಡಿ ಮಾಡುವುದಿಲ್ಲ. ಹರಕೆಯ ಆಟಕ್ಕೆ ಟಿಕೆಟು ಇಲ್ಲ. ಆಡಿಸುವ ಮನೆಯವರು ಬಂದವರಿಗೆಲ್ಲ ಊಟ ಬಡಿಸುತ್ತಾರೆ, ಯಾವ ಊರಿನವರು ಎಂದು ಕೇಳಿಯೂ ಬಡಿಸುತ್ತಾರೆ, ಕೇಳದೆಯೂ ಬಡಿಸುತ್ತಾರೆ. ಚಂಡೆಯ ಸದ್ದು ಮೈಲಿ ದೂರದ ಗದ್ದೆ ದಾಟಿ ಬರುವಾಗ ಅದರ ಜಾಡು ಹಿಡಿದು ನಡೆದು ಹೋಗುವ ಅನುಭವ ತಂಪಾದ ಸಭಾಂಗಣದಲ್ಲಿ ನೋಡಿದ ಆಟದಲ್ಲಿ ಸಿಗದು. ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ಇರುವ ನಿಯಮ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಜನರ ಅವಸರ, ಇವುಗಳಿಂದಾಗಿ ಈಗ ಕಾಲಮಿತಿಯ ಆಟಗಳು ಹೆಚ್ಚಾಗಿವೆ. ಅದನ್ನು ಒಪ್ಪುವವರೂ ಇದ್ದಾರೆ, ನಾನು ಒಪ್ಪುವವನಲ್ಲ. ಬೆಳಗಿನ ಜಾವದ ತಂಪಿಗೆ ಸರಿಯಾಗಿ ಏರುತ್ತಿದ್ದ ಪ್ರಸಂಗವನ್ನು ನಡುರಾತ್ರಿಗೇ ಮುಗಿಸುವುದು ಎಂದರೆ ಸೆಕೆಗಾಲದ ಗಡಿಯಾರದ ಒಂದು ಮುಳ್ಳನ್ನು ಮುರಿದಂತೆ.

ಊಟದ ವಿಷಯ ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. ಕುಂದಾಪುರ ಎಂದರೆ ಹೊರಗಿನವರ ಬಾಯಲ್ಲಿ ಬರುವುದು ಘೀ ರೋಸ್ಟ್, ಕೋಳಿ ಸಾರು. ಮಧ್ಯಾಹ್ನ ಒಂದು ಗಂಟೆಗೆ, ಈ ಸೆಕೆಯಲ್ಲಿ, ಅದನ್ನು ತಿಂದು ಮತ್ತೆ ಬಿಸಿಲಿಗೆ ಇಳಿಯುವವರನ್ನು ನೋಡಿದರೆ ಸಂಕಟವಾಗುತ್ತದೆ. ಆ ಹೊತ್ತಿಗೆ ಇಲ್ಲಿನ ಮನೆಗಳಲ್ಲಿ ಇರುವುದು ಕುಚ್ಚಲಕ್ಕಿ ಗಂಜಿ, ಉಪ್ಪುನೀರಿನ ಮಾವಿನಕಾಯಿಯ ಗೊಜ್ಜು, ಒಂದೆಲಗದ ತಂಬುಳಿ, ಕಾಟುಮಾವಿನ ಹಣ್ಣಿನ ಸಾಸಿವೆ. ಬೆವರಿನಲ್ಲಿ ಹೋದ ಉಪ್ಪು ಮತ್ತು ನೀರು ಒಟ್ಟಿಗೆ ಮರಳುವ ಊಟ ಅದು. ಮನೆಗೆ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು ಕೊಟ್ಟು, "ಆಸ್ರಿಗ್ ಎಂತ ಕುಡಿತ್ರಿ?" ಎಂದು ಕೇಳುವ ಪದ್ಧತಿ ಇಲ್ಲಿ ಉಳಿದುಕೊಂಡಿರುವುದೂ ಸೆಕೆಯಿಂದಲೇ. ಬಾಯಾರಿದವನಿಗೆ ಮೊದಲು ಬೇಕಾದದ್ದು ಏನು ಎಂದು ಈ ಊರು ಬಹಳ ಹಿಂದೆಯೇ ತಿಳಿದುಕೊಂಡಿತ್ತು.

ಈಗ ಪ್ರವಾಸದ ಗಡಿಯಾರವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಬೆಳಿಗ್ಗೆ ಎಂಟೂವರೆಗೆ ತಿಂಡಿ, ಹತ್ತಕ್ಕೆ ಗಾಡಿ ಹೊರಡುವುದು, ಹನ್ನೊಂದರಿಂದ ನಾಲ್ಕರವರೆಗೆ ಸ್ಥಳ ವೀಕ್ಷಣೆ, ಎಂಟಕ್ಕೆ ಊಟ, ಹತ್ತಕ್ಕೆ ನಿದ್ದೆ. ಗುಡ್ಡಗಾಡಿನ ತಂಪು ಊರುಗಳಿಗಾಗಿ ಹುಟ್ಟಿದ ಈ ಕ್ರಮವನ್ನು ನಾವು ಹಾಗೆಯೇ ಕಡಲ ತೀರಕ್ಕೆ ತಂದು ಹಾಕಿದ್ದೇವೆ. ಊರು ಎಚ್ಚರವಾಗಿರುವಾಗ ಅತಿಥಿ ಮಲಗಿರುತ್ತಾನೆ, ಊರು ನೆರಳಿಗೆ ಸರಿದಾಗ ಅತಿಥಿ ಬಿಸಿಲಿನಲ್ಲಿರುತ್ತಾನೆ. ಆಮೇಲೆ ಸೆಕೆ ತಾಳಲಾಗಲಿಲ್ಲ ಎಂದು ಹೇಳಿ ಹೋಗುತ್ತಾನೆ. ತಪ್ಪು ಅವನದೂ ಅಲ್ಲ, ಸೂರ್ಯನದೂ ಅಲ್ಲ.

ಋತುವಿಗೆ ತಕ್ಕಂತೆ ವೇಳಾಪಟ್ಟಿ ಬದಲಿಸುವುದು ಅಸಾಧ್ಯವೇ? ನಮ್ಮ ಮನೆಯ ಮುಂದೆಯೇ ಹಾದುಹೋಗುವ ಕೊಂಕಣ ರೈಲ್ವೆ ಪ್ರತಿ ಮಳೆಗಾಲಕ್ಕೂ ಬೇರೆ ವೇಳಾಪಟ್ಟಿ ಹೊರಡಿಸುತ್ತದೆ. ಕುಸಿಯುವ ಗುಡ್ಡಗಳ ನಡುವೆ ರೈಲುಗಳು ನಿಧಾನವಾಗಿ ಓಡಲಿ ಎಂದು. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಮತ್ತು ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಮಳೆಗೆ ಒಂದು, ಒಣ ಬಿಸಿಲಿಗೆ ಒಂದು ಪಟ್ಟಿ ಇರುವಾಗ ಕರಾವಳಿಯ ಬೆವರಿಗೆ ಏಕಿಲ್ಲ? ಏಪ್ರಿಲ್, ಮೇ ತಿಂಗಳಲ್ಲಿ ಕುಂದಾಪುರದಿಂದ ಕೊಲ್ಲೂರಿಗೆ, ಬೈಂದೂರಿಗೆ, ಮಂದಾರ್ತಿಗೆ ನಸುಕಿನ ಬಸ್ಸುಗಳು ಹೆಚ್ಚಬೇಕು. ಆಟ ಇರುವ ರಾತ್ರಿ ಹಿಂದಿರುಗಲು ಒಂದಾದರೂ ಬಸ್ಸು ಬೇಕು. ಕಡಲ ತೀರದ ದೋಣಿ ವಿಹಾರ ಬೆಳಿಗ್ಗೆ ಆರಕ್ಕೆ ತೆರೆದು ಹತ್ತಕ್ಕೆ ಮುಚ್ಚಿ, ಮತ್ತೆ ನಾಲ್ಕಕ್ಕೆ ತೆರೆಯಲಿ. ವಸತಿಗೃಹಗಳು ಮಧ್ಯಾಹ್ನ ಹನ್ನೆರಡಕ್ಕೆ ಕೋಣೆ ಬಿಡಿ ಎನ್ನುವುದನ್ನು ಈ ಎರಡು ತಿಂಗಳಾದರೂ ಸಂಜೆಗೆ ತಳ್ಳಲಿ. ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಮಕ್ಕಳು ಮುದುಕರನ್ನು ಚೀಲ ಸಮೇತ ಹೊರಗೆ ಕಳಿಸುವುದು ಆತಿಥ್ಯಕ್ಕೆ ಒಪ್ಪುವ ನಡವಳಿಕೆಯಲ್ಲ.

ಆದರೆ ಈ ಪಟ್ಟಿ ಮೊದಲು ಅನ್ವಯವಾಗಬೇಕಾದದ್ದು ಪ್ರವಾಸಿಗೆ ಅಲ್ಲ, ಬಿಸಿಲಿನಲ್ಲಿ ದುಡಿಯುವವರಿಗೆ. ಚಾವಡಿಯ ನಿದ್ದೆಯ ಬಗ್ಗೆ ಬರೆಯುವಾಗ ನನ್ನ ಕಣ್ಣೆದುರು ಮುರಕಲ್ಲಿನ ಕೋರೆಗಳಿವೆ, ಡಾಂಬರು ಹಾಕುವ ಗುಂಪುಗಳಿವೆ. ಅಲ್ಲಿ ದುಡಿಯುವವರಲ್ಲಿ ಬಹಳ ಮಂದಿ ಉತ್ತರ ಕರ್ನಾಟಕದಿಂದ ಬಂದವರು. ಅವರ ಊರಿನ ಕಚೇರಿಗಳಿಗೆ ಮಧ್ಯಾಹ್ನದ ಬಿಸಿಲಿನಿಂದ ಬಿಡುವು ಸಿಕ್ಕಿದೆ, ಹೊಟ್ಟೆಪಾಡಿಗೆ ಇಲ್ಲಿಗೆ ಬಂದು ಕಲ್ಲು ಕಡಿಯುವ ಅವರಿಗೆ ಸಿಕ್ಕಿಲ್ಲ. ಹನ್ನೆರಡರಿಂದ ಮೂರರವರೆಗೆ ಬಯಲಿನ ಕೆಲಸ ನಿಲ್ಲಬೇಕು, ಆ ಹೊತ್ತಿಗೆ ನೆರಳು ಮತ್ತು ನೀರು ಕೊಡಬೇಕು. ಅದನ್ನು ಮಾಡದ ಊರು ಅತಿಥಿಗಳಿಗೆ ಸೆಕೆಗಾಲದ ಸೊಬಗನ್ನು ತೋರಿಸಲು ಹೊರಟರೆ ಆ ಕರೆಯಲ್ಲಿ ಸತ್ಯವಿರುವುದಿಲ್ಲ.

ಇನ್ನು ನೀರಿನ ಮಾತು. ಸೆಕೆಗಾಲದಲ್ಲಿ ಬನ್ನಿ ಎನ್ನುವವನನ್ನು ಯಾರಾದರೂ ತಡೆದು ಕೇಳಬಹುದಾದ ಪ್ರಶ್ನೆ ಇದು: ಬಾವಿಯ ತಳ ಕಾಣುವ ಹೊತ್ತಿನಲ್ಲಿ ನೆಂಟರನ್ನು ಕರೆಯುತ್ತೀಯಲ್ಲ, ಅವರಿಗೆ ಕುಡಿಯಲು ಏನು ಕೊಡುತ್ತೀಯ? ಈ ಪ್ರಶ್ನೆಯನ್ನು ನಾನು ಬದಿಗೆ ಸರಿಸಲಾರೆ.

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಆದರೂ ಏಪ್ರಿಲ್ ಬಂತೆಂದರೆ ಗ್ರಾಮ ಪಂಚಾಯತಿಗಳು ಟ್ಯಾಂಕರ್ ಹುಡುಕುತ್ತವೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬೀಳುತ್ತದೆ. ಘಟ್ಟದಿಂದ ಕಡಲಿಗೆ ಇರುವ ದಾರಿ ಚಿಕ್ಕದು, ಇಳಿಜಾರು. ಮುರಕಲ್ಲಿನ ನೆಲ ಜರಡಿಯಂತೆ, ಕುಡಿದ ನೀರನ್ನು ಬೇಗ ಬಿಟ್ಟುಕೊಡುತ್ತದೆ. ಹೊಳೆಯ ಹರಿವು ತಗ್ಗಿದಾಗ ಉಬ್ಬರದ ಉಪ್ಪುನೀರು ಮೇಲಕ್ಕೆ ಏರಿ ದಂಡೆಯ ಬಾವಿಗಳನ್ನು ಕೆಡಿಸುತ್ತದೆ. ಅದನ್ನು ತಡೆಯಲು ಕಟ್ಟಿದ ಕಿಂಡಿ ಅಣೆಕಟ್ಟುಗಳಿಗೆ ಹೊತ್ತಿಗೆ ಸರಿಯಾಗಿ ಹಲಗೆ ಹಾಕದಿದ್ದರೆ ಆ ವರ್ಷದ ನೀರು ಹೋದ ಹಾಗೆಯೇ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಸೇರಿ, ನೆರೆಯ ಉಡುಪಿ, ಮಣಿಪಾಲದ ಮನೆಗಳಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ವಾರಾಹಿಯ ದಂಡೆಯವರು ಸ್ವಲ್ಪ ಪುಣ್ಯವಂತರು. ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಿಂದ ಹೊರಬರುವ ನೀರು ಬೇಸಿಗೆಯಲ್ಲೂ ಆ ಹೊಳೆಯನ್ನು ಜೀವಂತ ಇಡುತ್ತದೆ. ಆದರೆ ಅದೇ ನೀರನ್ನು ಗದ್ದೆಗೆ ತರುವ ವಾರಾಹಿ ನೀರಾವರಿಗೆ ಅಡಿಗಲ್ಲು ಬಿದ್ದದ್ದು 1979ರಲ್ಲಿ, ಕಾಲುವೆಗೆ ನೀರು ಬಂದದ್ದು 2015ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಹೊಟ್ಟೆಪಾಡಿಗಾಗಿ ಊರು ಬಿಟ್ಟಾಗಿತ್ತು.

ಮಳೆ ಯಾವಾಗ ಬರುತ್ತದೆ ಎಂಬುದೂ ನಮ್ಮ ಕೈಯಲ್ಲಿಲ್ಲ. ಮುಂಗಾರು ಕೇರಳ ಮುಟ್ಟಿದ್ದು 2023ರಲ್ಲಿ ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೆ. ಈ ಎರಡು ವಾರದ ಅಂತರ ಪೇಟೆಯವರಿಗೆ ಸುದ್ದಿ, ಬಾವಿಯ ತಳಕ್ಕೆ ಕೊಡ ತಾಗಿದ ಮನೆಗೆ ಅದು ಬೇರೆಯೇ ಆದ ಲೆಕ್ಕ.

ಹಾಗಾದರೆ ಅತಿಥಿ ಬೇಡವೇ? ಲೆಕ್ಕ ಹಾಕಿ ನೋಡೋಣ. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂದು ಗೊತ್ತುಪಡಿಸಿದೆ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಒಂದು ಸಾಧಾರಣ ಈಜುಕೊಳಕ್ಕೆ 75,000 ಲೀಟರ್ ಬೇಕು. ಅಂದರೆ 1,360 ಜನರ ಒಂದು ದಿನದ ನೀರು. ಮನೆಯ ಕೋಣೆಯಲ್ಲಿ ತಂಗಿ, ಬಾವಿಯಿಂದ ಸೇದಿದ ಎರಡು ಬಕೆಟ್ ನೀರಿನಲ್ಲಿ ಸ್ನಾನ ಮಾಡುವ ನೆಂಟ ಆ ಬಾವಿಯನ್ನು ಬತ್ತಿಸುವುದಿಲ್ಲ. ಮೇ ತಿಂಗಳಲ್ಲಿ ನೂರು ಹಾಸಿಗೆಯ ರೆಸಾರ್ಟು, ಅದರ ಹುಲ್ಲುಹಾಸು, ಅದರ ಕೊಳ, ಇವು ಸುತ್ತಲಿನ ಬಾವಿಗಳನ್ನು ಬತ್ತಿಸುತ್ತವೆ. ಕಡಲು ನೂರು ಹೆಜ್ಜೆ ದೂರದಲ್ಲಿ ಇರುವಾಗ ಸಿಹಿನೀರಿನ ಕೊಳ ಏಕೆ ಬೇಕು ಎಂದು ಅನುಮತಿ ಕೊಡುವವರು ಕೇಳಬೇಕಿತ್ತು.

ಇನ್ನೊಂದು ಲೆಕ್ಕವೂ ಇದೆ. ನೂರು ಚದರ ಮೀಟರಿನ ಮಾಡಿನ ಮೇಲೆ 4,000 ಮಿಲಿಮೀಟರ್ ಮಳೆ ಬಿದ್ದರೆ ಅದು ನಾಲ್ಕು ಲಕ್ಷ ಲೀಟರ್. ಆ ನೀರು ಈಗ ಚರಂಡಿಯಲ್ಲಿ ಕಡಲಿಗೆ ಹೋಗುತ್ತಿದೆ. ಅದರಲ್ಲಿ ಒಂದು ಪಾಲನ್ನು ಸೋಸಿ ಬಾವಿಗೆ ಇಳಿಸಿದರೂ ಬೇಸಿಗೆಯ ಕೊನೆಯ ವಾರಗಳಿಗೆ ಉಸಿರು ಸಿಗುತ್ತದೆ. ಆದರೆ ಮುರಕಲ್ಲಿನ ನೆಲದಲ್ಲಿ ನನ್ನ ಬಾವಿಗೆ ಇಳಿಸಿದ ನೀರು ನನ್ನದಾಗಿಯೇ ಉಳಿಯುವುದಿಲ್ಲ. ಅದು ಕೆಳಗಿನ ಮನೆಯ ಬಾವಿಗೆ, ಅಲ್ಲಿಂದ ತೋಡಿಗೆ ಹೋಗುತ್ತದೆ. ಒಬ್ಬರು ಮಾಡಿದರೆ ಸಾಲದು, ಇಡೀ ಕೇರಿ ಮಾಡಬೇಕು. ಹೂಳು ತುಂಬಿದ ಮದಗಗಳನ್ನು ಬಿಡಿಸಬೇಕು, ತೋಡುಗಳಿಗೆ ಹಿಂದಿನಂತೆ ಕಟ್ಟ ಹಾಕಬೇಕು. ಆದ್ದರಿಂದ ನನ್ನ ಮಾತು ಸ್ಪಷ್ಟವಾಗಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಹೋಮ್‌ಸ್ಟೇ, ವಸತಿಗೃಹ, ರೆಸಾರ್ಟು ಯಾವುದಕ್ಕೇ ಪರವಾನಗಿ ಕೊಡುವಾಗಲೂ ಮಾಡಿನ ನೀರು ನೆಲಕ್ಕೆ ಇಳಿಯುತ್ತದೆಯೇ ಎಂದು ಮೊದಲು ನೋಡಬೇಕು. ಮಾರ್ಚ್‌ನಿಂದ ಮಳೆ ಬರುವವರೆಗೆ ಈಜುಕೊಳಕ್ಕೆ ಸಿಹಿನೀರು ತುಂಬಿಸುವುದನ್ನು ನಿಲ್ಲಿಸಬೇಕು. ಟ್ಯಾಂಕರ್ ನೀರಿನಿಂದ ನಡೆಯುವ ವಸತಿಗೃಹ ಹಳ್ಳಿಯ ಬಾಯಿಂದ ನೀರು ಕಿತ್ತುಕೊಳ್ಳುತ್ತಿದೆ ಎಂದೇ ತಿಳಿಯಬೇಕು. ಮಳೆಗಾಲದಲ್ಲಿ ನೀರು ಕೂಡಿಟ್ಟವರಿಗೆ ಮಾತ್ರ ಸೆಕೆಗಾಲದಲ್ಲಿ ಅತಿಥಿಯನ್ನು ಕರೆಯುವ ಅಧಿಕಾರ ಇರಲಿ.

ನೆರಳಿನ ವಿಷಯದಲ್ಲೂ ನಾವು ಸಾಲಗಾರರು. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದಾಗ ದಾರಿಯ ಎರಡೂ ಬದಿಯ ಹಳೆಯ ಮರಗಳು ಹೋದವು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಬಸ್ಸಿಗೆ ಕಾಯುವವರು ಇಂದು ಬಿಸಿಲಿನಲ್ಲೇ ನಿಲ್ಲುತ್ತಾರೆ. ತಗಡಿನ ತಂಗುದಾಣ ನೆರಳು ಕೊಡುವುದಕ್ಕಿಂತ ಹೆಚ್ಚು ಬಿಸಿ ಕೊಡುತ್ತದೆ. ಊರ ನಡುವೆ ಅಶ್ವತ್ಥಕಟ್ಟೆ ಕಟ್ಟಿಸಿದವರಿಗೆ, ಬೇಸಿಗೆಯಲ್ಲಿ ದಾರಿಹೋಕರಿಗೆ ಮಜ್ಜಿಗೆ ನೀರು ಕೊಡುವ ಅರವಟ್ಟಿಗೆ ಇಟ್ಟವರಿಗೆ ಗೊತ್ತಿದ್ದದ್ದು ಅಷ್ಟು ಅಗಲದ ರಸ್ತೆ ಮಾಡಿದವರಿಗೆ ಗೊತ್ತಾಗಲಿಲ್ಲ. ಮನೆಗಳೂ ಹಾಗೆಯೇ. ಹೆಂಚಿನ ಮಾಡು ಕೆಡವಿ ತಾರಸಿ ಹಾಕಿದೆವು, ಹಗಲು ಕುಡಿದ ಬಿಸಿಯನ್ನು ಅದು ರಾತ್ರಿಯಿಡೀ ಕೋಣೆಯೊಳಗೆ ಬಿಡುತ್ತದೆ. ಅದಕ್ಕೆ ಎ.ಸಿ. ಹಾಕಿಸಿದೆವು. ಸೆಕೆ ಹೆಚ್ಚಾಗಿದೆ ಎಂದು ನಾವು ಹೇಳುವುದರಲ್ಲಿ ಭೂಮಿ ಬಿಸಿಯಾದ ಪಾಲು ಇದೆ, ನಮ್ಮ ಗೋಡೆಗಳ ಪಾಲೂ ಇದೆ.

ಕೋಟದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಪ್ರಕಟವಾದದ್ದು 1941ರಲ್ಲಿ. ಕಡಲು ಮತ್ತು ಹೊಳೆಯ ನಡುವಿನ ಕೋಡಿ ಎಂಬ ಹಳ್ಳಿಯ ಮೂರು ತಲೆಮಾರಿನ ಕಥೆ ಅದು. ಊರು ಬಿಟ್ಟು ಹೋಗುವುದು, ದೂರದ ನಗರದಲ್ಲಿ ದುಡಿಯುವುದು, ಮತ್ತೆ ಬರುವುದು, ಇದು ಈ ಸೀಮೆಯ ಬದುಕಿನ ಲಯ. ಆ ಲಯದಲ್ಲಿ ಮರಳಿ ಬರುವ ತಿಂಗಳು ಮೇ. ಆಗ ಬರುವ ಪರಸ್ಥಳದ ಅತಿಥಿಗೆ ಊರು ಮನೆಯಲ್ಲಿ ಸಿಗುತ್ತದೆ. ಜನವರಿಯಲ್ಲಿ ಬಂದವರಿಗೆ ತಂಪು ಹವೆ ಸಿಗಬಹುದು. ಮಾತಾಡಲು ಊರಿನವರಲ್ಲಿ ಅರ್ಧ ಜನ ಮುಂಬಯಿಯಲ್ಲಿ ಇರುತ್ತಾರೆ.

ಬರುವವರಿಗೆ ಕೊನೆಯದಾಗಿ ಹೇಳುವುದು ಸ್ವಲ್ಪ ಇದೆ. ಮೂರು ದಿನಕ್ಕೆ ಹತ್ತು ಸ್ಥಳ ಎಂಬ ಪಟ್ಟಿ ಬೇಡ. ಒಂದೇ ಊರಿನಲ್ಲಿ ಐದು ದಿನ ಇರಿ. ಹತ್ತಿಬಟ್ಟೆ ತನ್ನಿ, ಕೊಡೆ ತನ್ನಿ. ನಸುಕಿನಲ್ಲಿ ಏಳಿ, ಮಧ್ಯಾಹ್ನ ಮಲಗಿ. ಉಳಿದುಕೊಂಡ ಮನೆಯ ಬಾವಿಯನ್ನು ಮೊದಲ ದಿನವೇ ಬಗ್ಗಿ ನೋಡಿ, ಆಮೇಲೆ ನಲ್ಲಿ ತಿರುಗಿಸಿ. ಯಾವ ಗದ್ದೆಯಲ್ಲಿ ಆಟ ಇದೆ ಎಂದು ಸಂಜೆ ಚಾ ಅಂಗಡಿಯಲ್ಲಿ ಕೇಳಿ, ದಾರಿ ಹೇಳಲು ಜನ ಎದ್ದು ಬರುತ್ತಾರೆ. ಮೇ ಕೊನೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಅಂಗಳದ ಚಪ್ಪರ ಅಷ್ಟರಲ್ಲಿ ಕಳಚಿರುತ್ತದೆ, ಮುಂಬಯಿಯ ರೈಲು ಜನರನ್ನು ತುಂಬಿಕೊಂಡು ಹೋಗಿರುತ್ತದೆ. ಅದಕ್ಕೆ ಮೊದಲೇ ಬನ್ನಿ.